ಬಣ್ಣದ ನೀರಿನ ಒಂಬತ್ತು ಸುತ್ತು

ಜೂನ್ 3, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವ ನಮ್ಮ ಶೆಡ್ಡಿನ ಗಟಾರದ ಬಾಯಿಗೆ ಕಾಕಾ ಸಿಮೆಂಟು ಮೆತ್ತಿದರು. ನಾವು ಹೊರಗೆ ಬಿಟ್ಟ ನೀರಿನಿಂದ ಹಿಂದಿನ ಮನೆಯ ಅಜ್ಜಿಯ ಬಾವಿ ಉಪ್ಪಾಗಿತ್ತು. ಆಕೆ ಚಹಾದ ಲೋಟ ತಂದು ಕಾಕಾನ ಕೈಗೇ ಕೊಟ್ಟಿದ್ದಳು. “ಸಕ್ರಿ ಎಷ್ಟ್ ಹಾಕಿದ್ರೂ ಉಪ್ಪ ಮುಂದ ಬರತೈತಿ. ನೀನ ಕುಡದ್ ಹೇಳಪಾ.” ಕಾಕಾ ಕುಡಿದು, ಸಿಮೆಂಟು ತರಲು ಹೋದರು.

ಅದೇ ನೀರನ್ನು ಮತ್ತೆ ಬಳಸುವ ಉಪಾಯ ಅಣ್ಣನದು. ಅವನು ಆಂಧ್ರದಲ್ಲಿ ನೈಸರ್ಗಿಕ ಅನಿಲದ ಬಾವಿ ಕೊರೆಯುವ ಕೆಲಸದಲ್ಲಿದ್ದಾನೆ. ಕೊರೆಯುವಾಗ ಬರುವ ಕೊಳೆನೀರಿಗೆ ಪಟಿಕ ಹಾಕಿ, ಕೆಸರು ತಳಕ್ಕೆ ಕೂತ ಮೇಲೆ ತಿಳಿ ತೆಗೆದು, ಮುಂದಿನ ಬಾವಿ ಕೊರೆಯಲು ಅದನ್ನೇ ಬಳಸುತ್ತಾರಂತೆ. “ಉಪ್ಪ ತಗ್ಯಾಕ ಹೋಗಂಗಿಲ್ಲ ನಾವು. ಇದ್ರೂ ನಡೀತೈತಿ,” ಎಂದ ಫೋನಿನಲ್ಲಿ. ನೂಲಿಗೆ ಬಣ್ಣ ಹತ್ತಲು ನಮಗಂತೂ ಉಪ್ಪು ಬೇಕೇ ಬೇಕು.

ನಾವೂ ಹಾಗೇ ತಿಳಿ ತೆಗೆದು ಅದೇ ನೀರಿನಲ್ಲಿ ಮತ್ತೆ ಬಣ್ಣ ಹಾಕತೊಡಗಿದೆವು. ಎರಡನೇ ಸುತ್ತಿನ ತಪ್ಪು ನನ್ನದು. ನನ್ನ ಲೆಕ್ಕದ ವಹಿಯಲ್ಲಿದ್ದಂತೆ ಹನ್ನೆರಡು ಕಿಲೋ ಉಪ್ಪು ಪೂರ್ತಿ ಹಾಕಿದೆ. ತಿಳಿನೀರಿನಲ್ಲಿ ಹಳೆಯ ಉಪ್ಪು ಉಳಿದಿರುವುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನೂಲಿನ ಇಪ್ಪತ್ತು ಲಡಿಗಳು ಮಚ್ಚೆ ಮಚ್ಚೆಯಾದವು.

“ವಹಿ ಆಮ್ಯಾಲ ನೋಡವಾ. ಮದಲ ನಾಲಿಗಿ ಹಚ್ಚ,” ಎಂದ ಕಾಕಾ ಒಂದು ಹನಿ ತಾವೇ ರುಚಿ ನೋಡಿ ಉಗುಳಿದರು. “ಏಳ್ ಕಿಲೋ ಸಾಕ.”

ಮೂರನೆಯದಕ್ಕೆ ಏಳು, ಐದನೆಯದಕ್ಕೆ ನಾಲ್ಕು, ಏಳನೆಯದಕ್ಕೆ ಏನೂ ಹಾಕಲಿಲ್ಲ. ಒಂಬತ್ತು ಮುಗಿದಾಗ ಎಷ್ಟು ಸೋಸಿದರೂ ನೀರು ಕಂದಾಗಿಯೇ ನಿಂತಿತು. ಮೆರೂನ್ ಬಣ್ಣಕ್ಕಾದರೆ ನಡೆಯುತ್ತಿತ್ತು. ಬಂದ ಕೆಲಸ ತಿಳಿಹಳದಿಯದು.

“ಒಂದ್ ಸಲ ಗಟಾರಕ್ಕ ಬಿಟ್ಟಬಿಡೂಣು,” ಎಂದರು ಕಾಕಾ.

“ಅಜ್ಜಿಗಿ ಹೇಳಾವ್ರು ಯಾರ?”

“ನೀನ ಹೇಳ, ವಹಿ ಹಿಡಕೊಂಡ್ ಹೋಗಿ.”

ನಾನು ಹೋಗಲಿಲ್ಲ. ಮಾಳಿಗೆಯ ಮೇಲೆ ತಾಡಪತ್ರಿ ಹಾಸಿ ಇಪ್ಪತ್ತು ಕೊಡ ನೀರು ಒಣಗಲು ಹಾಕಿದೆ. ಆರು ಕೊಡದಷ್ಟು ಆವಿಯಾಯಿತು. ಐದನೇ ದಿನದ ಮಳೆ ಅದನ್ನು ಮತ್ತೆ ತುಂಬಿಸಿತು. ಹಳದಿಯ ಕೆಲಸ ಪಕ್ಕದ ರಬಕವಿಯ ಇನ್ನೊಂದು ಶೆಡ್ಡಿಗೆ ಹೋಯಿತು. ಅಲ್ಲಿನ ಗಟಾರ ತೆರೆದೇ ಇದೆ.

ಆ ಕಂದು ನೀರಿನಿಂದ ಎರಡು ಸಾವಿರ ಲೀಟರಿನ ಟಾಕಿ ತುಂಬಿ ನಿಂತಿದೆ. ಬಾವಿ ಇನ್ನೂ ಉಪ್ಪೇ. ಕಾಕಾ ಸಿಮೆಂಟು ಒಡೆಯಲು ಹಾರೆ ತಂದಿಟ್ಟಿದ್ದಾರೆ. ಭಾನುವಾರದ ತನಕ ತಡೆಯಿರಿ ಎಂದು ಕೇಳಿಕೊಂಡಿದ್ದೇನೆ. ಸಣ್ಣ ಶೆಡ್ಡಿನಲ್ಲಿ, ಮಳೆಗಾಲದಲ್ಲಿ, ಇಂಥ ನೀರಿನಿಂದ ಉಪ್ಪನ್ನು ಬೇರ್ಪಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಅರ್ಧಂಬರ್ಧ ಗೊತ್ತಿದ್ದರೂ ಸರಿ.