ಅಭಿಷೇಕದ ಜೇನಿನ ಸೋಪು

ಜೇನುಮೇಣ ಕರಗುವಾಗ ಬರುವ ವಾಸನೆ ನಿಮಗೆ ಗೊತ್ತೋ ಇಲ್ಲವೋ. ಒಂದಿಷ್ಟು ಜೇನು, ಒಂದಿಷ್ಟು ಹೊಗೆ, ಒಂದಿಷ್ಟು ಹಳೇ ಮರದ ಪೆಟ್ಟಿಗೆ. ಇವತ್ತು ಬೆಳಿಗ್ಗೆ ವಿದ್ಯಾನಗರದ ನಮ್ಮ ಅಡುಗೆಮನೆಯಲ್ಲಿ ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು, ಮುಲಾಮಿಗೆಂದು ಕೊಬ್ಬರಿ ಎಣ್ಣೆಯಲ್ಲಿ ಮೇಣದ ಚೂರು ಕರಗಿಸುತ್ತ ನಿಂತಿದ್ದೆ. ನಿಂತಿದ್ದೆ ಅನ್ನುವುದಕ್ಕಿಂತ ಕಾವಲು ಕಾಯುತ್ತಿದ್ದೆ ಅನ್ನಬೇಕು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಅಂತ ಗಾಂಧಿ ಬಜಾರಿನ ಅರ್ಧ ದಾರಿಯಿಂದ ವಾಪಸ್ ಬರುವ ಹೆಂಗಸು ನಾನು. ಅಂಥವಳು ಮುಟ್ಟಿದರೆ ಸುಡುವ ಕಾಸ್ಟಿಕ್ ಸೋಡಾ ತಂದು ಮನೆಯಲ್ಲೇ ಸೋಪು ಮಾಡಿದ್ದಾಳೆ ಅಂದರೆ ನಮ್ಮ ಮನೆಯವರೇ ನಂಬಲಿಲ್ಲ.

ಮಾಡಿದ್ದು ಮೊಮ್ಮಗಳು ಚಿನ್ನುವಿಗೋಸ್ಕರ. ಎರಡನೇ ಕ್ಲಾಸಿನ ಹುಡುಗಿ. ಬೆರಳ ಸಂದಿಯಲ್ಲಿ, ಅಂಗೈ ಬುಡದಲ್ಲಿ ಇಸುಬು ಎದ್ದು ಚರ್ಮ ಬಿರಿಯುತ್ತದೆ. ಯಾವ ಸೋಪು ಹಾಕಿದರೂ ಉರಿ ಅಂತ ಅಳುತ್ತಾಳೆ. ಈಚೆಗೆ ಸ್ಕೂಲಿನಲ್ಲಿ ಯಾರೋ ಆಟದಲ್ಲಿ ಅವಳ ಕೈ ಹಿಡಿಯಲು ಒಪ್ಪಲಿಲ್ಲವಂತೆ. ಆಗಿನಿಂದ ಕೈ ತೊಳೆಯುವುದಕ್ಕೂ ಹೆದರುತ್ತದೆ ಮಗು, ತೋರಿಸುವುದಕ್ಕೂ ಹೆದರುತ್ತದೆ. ನನಗೆ ಸಂಕಟ ಹೆಚ್ಚು, ಏಕೆಂದರೆ ಈ ಆಸ್ತಿ ಅವಳಿಗೆ ಬಂದಿರುವುದು ನನ್ನಿಂದ.

ನನ್ನ ಬಾಲ್ಯವೆಲ್ಲ ಭದ್ರಾವತಿಯ ಓಲ್ಡ್ ಟೌನಿನಲ್ಲಿ. ಅಪ್ಪನ ಅಕ್ಕ ಗಿರಿಜತ್ತೆ ನಮ್ಮ ಜೊತೆಯಲ್ಲೇ ಇದ್ದಳು. ನನ್ನ ಕೈ ಬಿರಿದು ರಕ್ತ ಒಸರಿದ ದಿನ ಅವಳು ಅಮ್ಮನಿಗೆ ಹೇಳಿದ್ದು ಇಷ್ಟೇ: "ಅಂಗಡಿ ಸೋಪು ಮುಟ್ಟಿಸ್ಬೇಡ. ನಾನ್ ಮಾಡ್ತೀನಿ." ಎಲ್ಲಿ ಕಲಿತಿದ್ದಳೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮೂಗಿಗೆ ಸೆರಗು ಬಿಗಿದುಕೊಂಡು ಹಿತ್ತಲಲ್ಲಿ ನೀರಿಗೆ ಕಾಸ್ಟಿಕ್ ಹಾಕುತ್ತಿದ್ದಳು. ನೀರು ತಾನಾಗಿಯೇ ಕಾದು ಹೊಗೆಯಾಡುತ್ತಿತ್ತು. ಬೆಂಕಿಯಿಲ್ಲದೆ ಕಾಯುವ ಆ ನೀರನ್ನು ಕಿಟಕಿಯಿಂದ ನೋಡುತ್ತ, ಇದನ್ನೇ ನನ್ನ ಕೈಗೆ ಹಚ್ಚುತ್ತಾರೆ ಅಂದುಕೊಂಡು ಎರಡೂ ಕೈಯನ್ನು ಲಂಗದ ಮಡಿಕೆಯಲ್ಲಿ ಬಚ್ಚಿಡುತ್ತಿದ್ದೆ. ಹೆದರಿಕೆಯಲ್ಲಿ ನಾನು ಆಗಲೇ ಪಳಗಿದವಳು.

ಅತ್ತೆಗೆ ಬಿರುಸು ಎಷ್ಟೋ ಭಕ್ತಿಯೂ ಅಷ್ಟೇ. ಸೋಮವಾರ ದೇವಸ್ಥಾನದಲ್ಲಿ ಅಭಿಷೇಕ ಮಾಡಿಸಿ, ಲಿಂಗದ ಮೇಲಿಂದ ಇಳಿದ ಜೇನನ್ನು ಬಟ್ಟಲಲ್ಲಿ ತರುತ್ತಿದ್ದಳು. ಮಗುವಿನ ಕೈಗೆ ಹಾಕುವ ಸೋಪಿಗೆ ಅದಕ್ಕಿಂತ ಒಳ್ಳೆಯ ಜೇನು ಎಲ್ಲಿದೆ ಅಂತ ಒಂದು ಸಲ, ಎಣ್ಣೆಗೆ ಕಾಸ್ಟಿಕ್ ನೀರು ಬೆರೆಸಿದ ಪಾಕಕ್ಕೆ ಅದನ್ನು ಪೂರ್ತಿ ಸುರಿದುಬಿಟ್ಟಳು. ಜೇನು ಬಿದ್ದದ್ದೇ ತಡ, ಪಾಕ ಬಿಸಿಯಾಗಿ, ಕಂದು ಬಣ್ಣಕ್ಕೆ ತಿರುಗಿ, ಪಾತ್ರೆಯಿಂದ ಎದ್ದು ಹೊರಗೆ ಬರತೊಡಗಿತು. ಪಕ್ಕದ ಮನೆಯ ಸೆಲ್ವಿ ಗೋಡೆ ಮೇಲಿಂದ ಇಣುಕಿ, "ಏನಕ್ಕಾ, ಹಲ್ವಾ ಮಾಡ್ತಿದೀಯಾ? ಸ್ವಲ್ಪ ನಮಗೂ ಕೊಡು" ಅಂದಳು. ಅತ್ತೆ ಇನ್ನೂ ಬಿರುಸಾಗಿ ಸೌಟು ತಿರುಗಿಸಿದಳು.

ಹೇಗೋ ಅದು ಗಟ್ಟಿಯಾಯಿತು. ತಿಂಗಳ ಮೇಲೆ ಗಾಳಿಗೆ ಒಣಗಿದ್ದೂ ಆಯಿತು. ಆಗ ಬಂತು ನಿಜವಾದ ಪೇಚು. ನಮ್ಮಜ್ಜಿ, ಅತ್ತೆಯ ತಾಯಿ, ಬಿಲ್ಲೆಯನ್ನು ಮೂಸಿ ನೋಡಿ ಕೇಳಿದಳು: "ಅಭಿಷೇಕದ ಜೇನು ಹಾಕಿದ್ಯಾ? ಅದು ಪ್ರಸಾದ ಅಲ್ವೇನೇ? ಮೈ ಕೊಳೆ ತೊಳ್ದು ಬಚ್ಚಲಿಗೆ ಬಿಡ್ತೀಯಾ ಅದನ್ನ?"

ಅತ್ತೆ ಬಿಲ್ಲೆಯನ್ನು ಇಸಿದುಕೊಂಡು ತಾನೂ ಮೂಸಿ ನೋಡಿದಳು. ಎಸೆಯೋಣವೆಂದರೆ ಪ್ರಸಾದ ಎಸೆಯುವ ಹಾಗಿಲ್ಲ. ಹಚ್ಚೋಣವೆಂದರೆ ಆ ನೀರು ಕಾಲಿಗೆ ತಾಗುವ ಹಾಗಿಲ್ಲ. ನೀವೇ ಹೇಳಿ, ಏನು ಮಾಡಬೇಕು? ಕೊನೆಗೆ ಅಜ್ಜಿಯೇ ತೀರ್ಮಾನ ಕೊಟ್ಟಳು. ಯಾರೂ ತುಳಿಯದ ಮೂಲೆಯಲ್ಲಿದ್ದ ದಾಸವಾಳದ ಬುಡಕ್ಕೆ ಕೈ ಚಾಚಿ ನಾನು ಕೂರಬೇಕು, ಅಜ್ಜಿ ಚೊಂಬಿನಿಂದ ನೀರು ಬಿಡಬೇಕು. ಒಂದು ಹನಿ ಪಾದಕ್ಕೆ ಸಿಡಿದರೂ "ಶಿವಶಿವಾ" ಅನ್ನುತ್ತಿದ್ದಳು. ಇಸುಬಿನ ಭಯ ಒಂದು ಕಡೆ, ಪಾಪದ ಭಯ ಇನ್ನೊಂದು ಕಡೆ. ದಾಸವಾಳ ಪಾಪ, ಸೊರಗಿದರೂ ಬದುಕಿಕೊಂಡಿತು.

ಕೈ ಒರೆಸಿದ ಮೇಲೆ ಮುಲಾಮು. ಎಣ್ಣೆ ಮತ್ತು ಮೇಣದ ಜೊತೆ ಜೇನು ಸುಲಭಕ್ಕೆ ಹೊಂದುವುದಿಲ್ಲ, ತಳಕ್ಕೆ ಇಳಿದು ಕೂರುತ್ತದೆ. ಅದಕ್ಕೇ ಅತ್ತೆ ತಣ್ಣಗಾಗುವ ತನಕ ಬಿಡದೆ ಕಲಸುತ್ತಿದ್ದಳು. ಹಚ್ಚುವಾಗ "ಏನೂ ಆಗಲ್ಲ" ಅನ್ನುತ್ತಿದ್ದಳು. ಆ ಮಾತನ್ನು ನಾನು ಪೂರ್ತಿ ನಂಬಿದ್ದೆ. ನಿಜ ಹೇಳಬೇಕಲ್ಲ, ಇಸುಬು ಹೋಗಲಿಲ್ಲ. ಬಿರಿಯುವುದು ಕಮ್ಮಿಯಾಯಿತು, ಅಷ್ಟೇ. ಆದರೆ ಆ ಸೋಪು ನನಗೆ ಕೊಡುವ ಮೊದಲು ಅತ್ತೆ ಎಷ್ಟೋ ಮಧ್ಯಾಹ್ನ ಒಬ್ಬಳೇ ಕೂತು ತನ್ನ ಮುಂಗೈಗೆ ಉಜ್ಜಿ, ತೊಳೆದು, ಮತ್ತೆ ಉಜ್ಜಿ ನೋಡಿಕೊಳ್ಳುತ್ತಿದ್ದಳು. ಈ ವಯಸ್ಸಿನಲ್ಲಿ ಬೆಳ್ಳಗಾಗುವ ಆಸೆ ನೋಡು ಅಂತ ನಾನೂ ಅಮ್ಮನೂ ಒಳಗೊಳಗೇ ನಕ್ಕಿದ್ದೆವು. ಅವಳೂ ಹೆದರಿದ್ದಳು ಅಂತ ನನಗೆ ಹೊಳೆದದ್ದು ಈಗ, ನನ್ನ ಮುಂಗೈಗೆ ನಾನೇ ಉಜ್ಜಿಕೊಳ್ಳುವಾಗ.

ನಾನು ಹಾಕಿದ್ದು ಅಂಗಡಿ ಜೇನು, ದೇವರಿಗೆ ತೋರಿಸಿಯೂ ಇಲ್ಲ. ಕಾಸ್ಟಿಕ್ಕಿನ ಖಾರ ಉಳಿದಿದೆಯೋ ಅಂತ ನೋಡುವ ಬಣ್ಣದ ಕಾಗದ ತರಿಸಿ ಬಿಲ್ಲೆಬಿಲ್ಲೆಗೂ ಅಂಟಿಸಿ ನೋಡಿದ್ದೇನೆ. ನನ್ನ ಮಗಳು, ಚಿನ್ನುವಿನ ಅಮ್ಮ ಅನಿತಾ, ಚರ್ಮದ ಡಾಕ್ಟರನ್ನೂ ಕೇಳಿದಳು. ಔಷಧಿ ಬಿಡಬೇಡಿ, ಸ್ವಲ್ಪ ಜಾಗಕ್ಕೆ ಹಚ್ಚಿ ನೋಡಿ, ಉರಿದರೆ ನಿಲ್ಲಿಸಿ ಅಂದರಂತೆ. ಆ "ಉರಿದರೆ" ಅನ್ನುವುದೊಂದೇ ನನ್ನ ಕಿವಿಯಲ್ಲಿ ಉಳಿಯಿತು. ಮಲವಗೊಪ್ಪದ ತನ್ನ ಮನೆಯಿಂದ ಚಿನ್ನುವನ್ನು ಸ್ಕೂಟರಿನಲ್ಲಿ ತಂದು ಬಿಟ್ಟವಳು ನನ್ನ ಮುಖ ನೋಡಿ, "ಇಷ್ಟ್ ಹೆದರಿದ್ರೆ ಬಿಟ್ಬಿಡು ಮಾರಾಯ್ತಿ, ಯಾರೂ ಬಲವಂತ ಮಾಡಿಲ್ಲ" ಅಂದು ಆಫೀಸಿಗೆ ಹೋದಳು.

ಬಿಡಲಿಲ್ಲ. ಸ್ಟೂಲ್ ಹಾಕಿ ಚಿನ್ನುವನ್ನು ಬೇಸಿನ್ ಮುಂದೆ ನಿಲ್ಲಿಸಿದೆ. ಅವಳ ಒಂದು ಕೈ ಹಿಡಿದು, ಒಂದೇ ಬೆರಳ ಸಂದಿಗೆ ನೊರೆ ಹಚ್ಚಿದೆ. ಅತ್ತೆಯ ಹಾಗೆ ಏನೂ ಆಗಲ್ಲ ಅನ್ನಲು ನಾಲಿಗೆ ಏಳಲಿಲ್ಲ.

"ಉರೀತಿದ್ಯಾ?"

"ಇಲ್ಲ."

"ಸ್ವಲ್ಪಾನೂ? ನಿಜ ಹೇಳು."

ಚಿನ್ನು ಮುಖ ಕಿವುಚಿದಳು. ನಲ್ಲಿಯನ್ನು ಪೂರ್ತಿ ತಿರುಗಿಸಿ, "ನೋಡು, ಉರೀತಿದೆ ಅಲ್ವಾ?" ಅಂದೆ.

"ಸೋಪು ಅಲ್ಲ ಅಜ್ಜಿ," ಅಂದಳು. "ನೀನು ಹಿಡ್ಕೊಂಡಿರೋದು ನೋಯ್ತಿದೆ."

ಅವಳ ಮಣಿಕಟ್ಟಿನ ಮೇಲೆ ನನ್ನ ಬೆರಳುಗಳು ಕೆಂಪಗೆ ಮೂಡಿದ್ದವು. ಬಿಟ್ಟೆ. ಇನ್ನೊಂದು ಕೈಯನ್ನು ಅವಳೇ ತೊಳೆದುಕೊಂಡಳು. ಮುಗಿಯುವ ತನಕ ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ.