ದೇವರ ತಲೆ ಮೇಲೆ ಮಾಳಿಗೆ

ರಷ್ಯದವರು ಚಂದ್ರನಿಗೇ ರಾಕೆಟ್ ಮುಟ್ಟಿಸಿದರು. ನನಗೆ ಪುತ್ತೂರಿನಲ್ಲಿ ಒಂದು ಮಾಳಿಗೆ ಹತ್ತಿ ಮಲಗಲಿಕ್ಕೆ ಆಗಲಿಲ್ಲ, ನೋಡಿ.

ನಾನಿರುವುದು ಅತ್ತೆಯ ಮನೆಯಲ್ಲಿ. (ನಗಬೇಡಿ. ಈ ಊರಿನಲ್ಲಿ ಶಾಲೆ ಮಾಸ್ಟ್ರಿಗೆ ಬಾಡಿಗೆ ಮನೆ ಸಿಗುವುದು ಎಷ್ಟು ಸುಲಭ ಅಂತ ನಿಮಗೂ ಗೊತ್ತು.) ನಾನು, ಹೆಂಡತಿ, ನಾಲ್ಕು ಮಕ್ಕಳು, ಎಲ್ಲ ಒಂದೇ ಕೋಣೆ. ಒಬ್ಬರು ಮಗ್ಗುಲು ಬದಲಿಸಿದರೆ ಉಳಿದವರೂ ಬದಲಿಸಬೇಕು. ಮೇಲೊಂದು ಕೋಣೆ ಕಟ್ಟುವ ಅಂದರೆ ಅತ್ತೆ ಸುತರಾಂ ಒಪ್ಪುವುದಿಲ್ಲ. ಕೆಳಗೆ ದೇವರ ಕೋಣೆ ಉಂಟು. ದೇವರ ತಲೆಯ ಮೇಲೆ ಮನುಷ್ಯರು ನಡೆದಾಡುವುದುಂಟೇ?

ಹೋದ ವರ್ಷ ವಾಚನಾಲಯದಲ್ಲಿ ಒಂದು ಇಂಗ್ಲಿಷ್ ಪತ್ರಿಕೆ ಸಿಕ್ಕಿತು. ಕೆನಡಾದ ವಿನ್ನಿಪೆಗ್ ಎಂಬ ಊರಿನ ಫೋಟೋ. ಸುತ್ತ ಗೋಧಿ ಬೆಳೆಯುವ ಬಯಲು, ನಡುವೆ ಹತ್ತು ಹನ್ನೆರಡು ಮಾಳಿಗೆಯ ಬಿಲ್ಡಿಂಗುಗಳು! ಅದೂ ನಮ್ಮ ಅತ್ತೆ ಲಂಗ ಉಟ್ಟು ಓಡಾಡುತ್ತಿದ್ದ ಕಾಲದಲ್ಲೇ ಕಟ್ಟಿದ್ದು. ವಾಚನಾಲಯದವರ ಕೈಕಾಲು ಹಿಡಿದು ಪತ್ರಿಕೆಯನ್ನು ಮನೆಗೆ ತಂದೆ.

ಅತ್ತೆ ಕನ್ನಡಕ ಏರಿಸಿ ನೋಡಿದರು.

"ಇದೆಂತ ಮಾಸ್ಟ್ರೇ, ಜಾಗ ಇಲ್ವಾ ಅವರಿಗೆ?"

"ಬೇಕಾದಷ್ಟು ಉಂಟು ಅತ್ತೆ. ಕಣ್ಣು ಹಾಯುವವರೆಗೆ ಬಯಲೇ."

"ಮತ್ತೆ ಮೇಲೆ ಯಾಕೆ ಹೋಗುದು?"

ಒಳ್ಳೆಯ ಪ್ರಶ್ನೆ. "ಬ್ಯಾಂಕಿನವರು, ವ್ಯಾಪಾರದವರು. ಅವನಿಗಿಂತ ಇವನದ್ದು ಒಂದು ಮಾಳಿಗೆ ಜಾಸ್ತಿ ಆಗಬೇಕು, ಅಷ್ಟೇ" ಅಂದೆ. ಅತ್ತೆಗೆ ಇದು ಕೂಡಲೇ ಅರ್ಥವಾಯಿತು. (ಪಕ್ಕದ ಮನೆಯವರು ಆಗಷ್ಟೇ ಮಾಳಿಗೆ ಏರಿಸಿದ್ದರು.)

"ಅಷ್ಟು ಮಾಳಿಗೆ ಕಟ್ಟಿ ದೇವರನ್ನು ಎಲ್ಲಿ ಇಡುದು ಅವರು?"

ನನಗೇನು ಗೊತ್ತು? ಕೆಲಸ ಆಗಬೇಕಿತ್ತು. ಬಾಯಿಗೆ ಬಂದದ್ದು ಹೇಳಿದೆ: "ಎಲ್ಲಕ್ಕಿಂತ ಮೇಲೆ, ಅತ್ತೆ. ತುತ್ತತುದಿಯಲ್ಲಿ."

"ಅದು ಮರ್ಯಾದೆ! ಹಾಗಾದ್ರೆ ನಾವೂ ಕಟ್ಟುವ."

ಕಟ್ಟಿದೆವು. ಖರ್ಚು ನನ್ನದು. ಪಂಜದ ಕಾಡಿನಿಂದ ಮರ ಬಂತು, ಮಂಗಳೂರಿನಿಂದ ಹಂಚು ಬಂತು. ನಾಲ್ಕು ದಿಕ್ಕಿಗೆ ನಾಲ್ಕು ಕಿಟಕಿ. ಏನು ಗಾಳಿ, ಏನು ಬೆಳಕು! ನನಗಂತೂ ಆ ಕೋಣೆಯ ಮೇಲೆ ಪ್ರೀತಿಯೇ ಹುಟ್ಟಿತು.

ಮೊನ್ನೆ ಹೊಸ ಕೋಣೆಯ ಗಣಹೋಮ ಮುಗಿಯಿತು. ಪುರೋಹಿತರು ಗೇಟು ದಾಟುವ ಮೊದಲೇ ಅತ್ತೆ ದೇವರನ್ನೆಲ್ಲ ಮೇಲೆ ಸಾಗಿಸಿಬಿಟ್ಟರು. ನಾನು ಚಾಪೆ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಿದ್ದೆ.

"ನಾವು ಅಲ್ಲೇ ಒಂದು ಮೂಲೆಯಲ್ಲಿ ಮಲಗುದಲ್ವಾ ಅತ್ತೆ?"

"ದೇವರ ಎದುರು ಸಂಸಾರ ಮಾಡುದಾ? ಎಂತ ಮಾತು ಮಾರಾಯ್ರೆ!"

"ಹಾಗಾದರೆ ಕೆಳಗೆ ಖಾಲಿಯಾದ ದೇವರ ಕೋಣೆ..."

"ಇಷ್ಟು ವರ್ಷ ದೇವರು ಕೂತ ಜಾಗ. ಅಲ್ಲಿ ಕಾಲು ಚಾಚಿ ಮಲಗಿದರೆ ಆಗ್ತದಾ? ದಿನಾ ಒಂದು ದೀಪ ಇಡುವ."

ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅಳು ಅಂದುಕೊಂಡಿದ್ದೆ. ನಗು!

ಹೀಗೆ ದೇವರಿಗೀಗ ಎರಡು ಕೋಣೆ, ನಾಲ್ಕು ಕಿಟಕಿ. ಅಲ್ಲ, ಉಸಿರಾಡಬೇಕಾದವರು ಯಾರು ಸ್ವಾಮಿ?