ಕೆರೆಯದೆ ಬಿಟ್ಟ ಬಣ್ಣ

ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆಯಂದು, ನಮ್ಮ ಕಡೆ ಯಾರೂ ಹತಾರ ಮುಟ್ಟುವುದಿಲ್ಲ. ಸ್ಕ್ರೂಡ್ರೈವರ್, ಪಕ್ಕಡ, ಸೋಲ್ಡರಿಂಗ್ ಐರನ್, ಮೀಟರ್ ಎಲ್ಲವನ್ನೂ ಒರೆಸಿ ದೇವರ ಮುಂದಿಟ್ಟು ಕುಂಕುಮ ಹಚ್ಚಿದೆವೆಂದರೆ ಮುಗಿಯಿತು. ಮರುದಿನ ಬನ್ನಿಹಬ್ಬದ ಮುಂಜಾನೆ ಮತ್ತೆ ಪೂಜೆಯಾಗುವ ತನಕ ಅವು ದೇವರವು. ಆಗ ಗೋಕಾಕದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಕಾರ್ ಟೇಪಿನ ಅಂಗಡಿ ಇತ್ತು. ಎರಡು ಸಾವಿರದ ಇಸವಿ ದಾಟಿ ಎರಡೋ ಮೂರೋ ವರ್ಷವಾಗಿರಬೇಕು. ಗಾಡಿಗೆ ವೂಫರ್ ಕೂಡಿಸುವ ಹುಚ್ಚು ಊರೂರಿಗೂ ಹತ್ತಿತ್ತು, ನನಗೂ ಪೊಗರು ಏರಿತ್ತು.

ಆ ಖಂಡೇಪೂಜೆಯ ಮಧ್ಯಾಹ್ನ ಬೆಲ್ಲದ ಬಾಗೇವಾಡಿಯ ಸಾಹುಕಾರರೊಬ್ಬರು ತಮ್ಮ ಬಿಳಿ ಜೀಪು ತಂದು ಅಂಗಡಿ ಮುಂದೆ ನಿಲ್ಲಿಸಿದರು. ಗಾಡಿಯನ್ನು ಒಳಗೂ ಹೊರಗೂ ಪೈಪು ಹಿಡಿದು ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಕಬ್ಬು ಕಟ್ಟಿದ್ದರು. ಮುಂದಿನ ಸ್ಪೀಕರುಗಳು ಹಾಡುತ್ತಿದ್ದವು. ಹಿಂದಿನ ವೂಫರ್ ಮಾತ್ರ ಮೂಕ.

"ನಾಳೆ ಹುಕ್ಕೇರಿಗೆ ಬೀಗರ ಮನಿಗೆ ಬನ್ನಿ ಕೊಡಾಕ ಹೋಗೋದೈತಿ. ಮಗಳಿಗೆ ವೂಫರ್ ಕೇಳಸ್ತೀನಿ ಅಂತ ಹೇಳೀನಿ. ಏನ್ ಮಾಡಿಟ್ಟೀರಿದು?" ಎಂದು ಕೂಗಿದರು.

ಪೂಜೆಯ ಪ್ರಸಾದಕ್ಕೆ ಬಂದಿದ್ದ ಎಂಟು ಹತ್ತು ಜನ ಕಟ್ಟೆಯ ಮೇಲೆ ಕೂತಿದ್ದರು. "ಇವತ್ತ ಹತಾರ ಮುಟ್ಟಂಗಿಲ್ರಿ, ನಾಳೆ ಬರ್ರಿ" ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಅಷ್ಟು ಜನರೆದುರು ನನಗೆ ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ವೂಫರನ್ನು ನಡೆಸುವ ಆಂಪ್ಲಿಫೈಯರ್ ಹಿಂದಿನ ಸೀಟಿನ ಕೆಳಗಿತ್ತು. ಅದರ ಕೆಂಪು ದೀಪ ಹತ್ತಿದೆಯೋ ಇಲ್ಲವೋ ನೋಡಲು ಹತಾರ ಬೇಕಿರಲಿಲ್ಲ, ಬಗ್ಗಿದರೆ ಸಾಕಿತ್ತು. ಹಬ್ಬದ ಹೊಸ ಬಿಳಿ ಪ್ಯಾಂಟು ಕೆಸರಾದೀತೆಂದು ನಾನು ಬಗ್ಗಲಿಲ್ಲ. ವೂಫರಿನ ಕೋನಿನ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದೆ. ಒಳಗಿನ ತಂತಿಸುರುಳಿ ಸುಟ್ಟಿದ್ದರೆ ಬರುವ ಹಾಗೆ ಕರಕ್ ಎಂದಂತಾಯಿತು. ಎಂದಂತಾಯಿತು, ಅಷ್ಟೇ.

"ಕಾಯಿಲ್ ಸುಟ್ಟೈತ್ರಿ. ನನ್ನ ಫಿಟ್ಟಿಂಗದಾಗ ಏನೂ ದೋಷ ಇಲ್ಲ. ಕಾಯಿಲ್ ಸುತ್ತಿದವ್ರು ಮೂಡಲಗಿ ಕಾಕಾ. ಅವರ ಕೈ ಈಗ ನಡಗತಾವ್ರಿ" ಎಂದುಬಿಟ್ಟೆ.

ಕಾಕಾ ಎಂದರೆ ನನ್ನ ಗುರು. ಮೂಡಲಗಿಯಲ್ಲಿ ರೇಡಿಯೋ ರಿಪೇರಿಯ ಪುಟ್ಟ ಅಂಗಡಿ ಇಟ್ಟಿದ್ದ ಜೈನರ ಹಿರಿಯರು. ನಾಲ್ಕು ವರ್ಷ ಅವರ ಬಾಜೂ ಕೂತು ಈ ವಿದ್ಯೆ ಕಲಿತವನು ನಾನು. ಸುಟ್ಟ ಸ್ಪೀಕರಿಗೆ ಹೊಸ ಕಾಯಿಲ್ ಸುತ್ತುವುದರಲ್ಲಿ ಸುತ್ತಲಿನ ಮೂರು ತಾಲೂಕಿನಲ್ಲಿ ಅವರ ಕೈಗೆ ಸರಿಸಾಟಿ ಇರಲಿಲ್ಲ. ಅವರಿಗಿದ್ದ ಆಸ್ತಿಯೂ ಆ ಕೈಯ ಹೆಸರೊಂದೇ. ಆ ವೂಫರನ್ನು ಶ್ರಾವಣದಲ್ಲಿ ಅವರಿಂದಲೇ ಸುತ್ತಿಸಿ ತಂದು ನಾನು ಗಾಡಿಗೆ ಕೂಡಿಸಿದ್ದೆ. ಅವರ ಕೈ ನಡುಗುವುದನ್ನು ನಾನು ಎಂದೂ ನೋಡಿರಲಿಲ್ಲ.

ಸಾಹುಕಾರರು ಊರಿನ ದಾರಿ ಬಿಟ್ಟು ಗಾಡಿಯನ್ನು ನೇರ ಮೂಡಲಗಿಗೆ ಹೊಡೆದರು.

ಮರುದಿನ ಮುಂಜಾನೆ ವೂಫರ್ ಪೆಟ್ಟಿಗೆಯೊಂದಿಗೆ ತಿರುಗಿ ಬಂದಾಗ ಮುಖದಲ್ಲಿ ಗೆದ್ದ ಕಳೆ ಇತ್ತು. "ಮಂದಿ ಮುಂದನ ಝಾಡಿಸಿದೆ ನೋಡ್ರಿ. ಮುದುಕ, 'ನನ್ನ ಕೈಯಾಗ ಏನರ ತಪ್ಪಾಗಿರಬೇಕ್ರಿ, ಪೆಟ್ಟಿಗಿ ಬಿಟ್ಟು ಹೋಗ್ರಿ' ಅಂದ. ಇವತ್ತ ಹೋದ್ರ, 'ಈಗ ಚಲೋ ಐತಿ, ಗೋಕಾಕದಾಗ ಅವನ ಕಡೆನ ಕೂಡಸ್ರಿ' ಅಂದ" ಎಂದು ಹೇಳಿ, ಎದುರಿನ ಹೋಟೆಲಿಗೆ ಚಹಾ ಕುಡಿಯಲು ಹೋದರು.

ಪೂಜೆ ಮುಗಿದು ಹತಾರ ಕೈಗೆ ಬಂದಿತ್ತು. ಪೆಟ್ಟಿಗೆ ಕೂಡಿಸುವಾಗ ಕಣ್ಣಿಗೆ ಬಿತ್ತು. ಕಾಕಾ ತಾವು ಸುತ್ತಿದ ಸ್ಪೀಕರಿನ ಸ್ಕ್ರೂಗಳ ಮೇಲೆ ಕೆಂಪು ಉಗುರುಬಣ್ಣದ ಚುಕ್ಕೆ ಇಡುತ್ತಿದ್ದರು. ಯಾರಾದರೂ ಬಿಚ್ಚಿದರೆ ಚುಕ್ಕೆ ಒಡೆಯಬೇಕು. ಶ್ರಾವಣದಲ್ಲಿ ಇಟ್ಟ ಚುಕ್ಕೆಗಳು ಒಂದೂ ಒಡೆದಿರಲಿಲ್ಲ. ಅವರು ಅದನ್ನು ಬಿಚ್ಚೇ ಇರಲಿಲ್ಲ!

ವೈರು ಜೋಡಿಸಿ ಹಾಡು ಹಚ್ಚಿದೆ. ವೂಫರ್ ಮತ್ತೆ ಮೂಕ. ಈಗ ಬಗ್ಗಿದೆ. ಆಂಪ್ಲಿಫೈಯರಿನ ದೀಪ ಹತ್ತಿರಲಿಲ್ಲ. ಮೀಟರ್ ಹಿಡಿದರೆ ಬ್ಯಾಟರಿಯ ಕರೆಂಟು ಬರುತ್ತಿತ್ತು, ಅದು ತಿರುಗಿ ಹೋಗುವ ಅರ್ಥಿಂಗ್ ಇರಲಿಲ್ಲ. ಅರ್ಥಿಂಗಿನ ಕಪ್ಪು ವೈರನ್ನು ಗಾಡಿಯ ತಗಡಿಗೆ ಸ್ಕ್ರೂ ಹೊಡೆದು ಕೂಡಿಸಿದವನು ನಾನೇ. ಕೆಳಗಿನ ಬಣ್ಣ ಕೆರೆದು ಬರೀ ತಗಡಿಗೆ ಬಿಗಿಯಬೇಕು. ಅವಸರದಲ್ಲಿ ಬಣ್ಣದ ಮೇಲೆಯೇ ಬಿಗಿದಿದ್ದೆ. ಸ್ಕ್ರೂವಿನ ಹಲ್ಲು ಹಿಡಿದಷ್ಟು ದಿನ ನಡೆದಿತ್ತು, ಮೆಲ್ಲಗೆ ತುಕ್ಕು ಹತ್ತಿತ್ತು, ಪೂಜೆಯ ನೀರು ಹೊಕ್ಕದ್ದೇ ಹಿಡಿತ ತಪ್ಪಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಥೂ, ಅವಳೇ ವಾಸಿ, ನೆಲಕ್ಕೆ ಬೈದಳು. ನಾನು ಬೈದದ್ದು ಗುರುವಿಗೆ.

ಚಾಕುವಿನಿಂದ ಬಣ್ಣ, ತುಕ್ಕು ಕೆರೆದು ಬಿಗಿದೆ. ದೀಪ ಹತ್ತಿತು. ವೂಫರ್ ಧಮ್ ಎಂದಿತು. ಸದ್ದು ಕೇಳಿ ಸಾಹುಕಾರರು ಓಡಿ ಬಂದರು.

"ನೋಡ್ರಿ ಮತ್ತ! ತಪ್ಪು ಕಾಕಾಂದ ಇತ್ತು, ಹೌದಿಲ್ಲೋ?"

"ಹೌದ್ರಿ" ಎಂದೆ. ಚಾಕು ಇನ್ನೂ ಕೈಯಲ್ಲೇ ಇತ್ತು. ಮೊದಲ ದಿನದ ಮಾತನ್ನು ದುಡುಕು ಎನ್ನಬಹುದು. ಈ "ಹೌದ್ರಿ"ಗೆ ಯಾವ ಹೆಸರೂ ಇಲ್ಲ.

ಮಧ್ಯಾಹ್ನದ ಬಸ್ಸು ಹತ್ತಿ ಬನ್ನಿ ಎಲೆ ಹಿಡಿದು ಮೂಡಲಗಿಗೆ ಹೋದೆ. ಕಾಲಿಗೆ ಬಿದ್ದು ಎಲ್ಲ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ. ಅಂಗಡಿಯ ಗೋಡೆಯ ಗಡಿಯಾರ ಐದೂ ಇಪ್ಪತ್ತಕ್ಕೆ ನಿಂತಿತ್ತು. ಅದರ ಸೆಲ್ ಟೇಬಲ್ ಮೇಲಿತ್ತು, ಪಕ್ಕದಲ್ಲಿ ಎರಡು ವೈರಿನ ತುಂಡು. ನೋಡಿದೊಡನೆ ತಿಳಿಯಿತು. ಮೀಟರ್ ಇಲ್ಲದಿದ್ದರೆ ಗಡಿಯಾರದ ಸೆಲ್ಲಿಗೆ ವೈರು ಹಚ್ಚಿ ಸ್ಪೀಕರಿಗೆ ಮುಟ್ಟಿಸು, ಟಪ್ ಎಂದರೆ ಕಾಯಿಲ್ ಜೀವಂತ. ಇದು ಕಾಕಾ ನನಗೆ ಕಲಿಸಿದ ಮೊದಲ ಪಾಠ. ಸೆಲ್ಲಿಗೆ ಯಾರೂ ಕುಂಕುಮ ಹಚ್ಚಿರುವುದಿಲ್ಲ. ನನ್ನ ಅಂಗಡಿಯಲ್ಲೂ ಗಡಿಯಾರವಿತ್ತು.

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಕಾಕಾ" ಎಂದು ಎಲೆ ಕೊಟ್ಟು ಕಾಲು ಮುಟ್ಟಿದೆ. ತಲೆ ಎತ್ತಲು ಆಗಲಿಲ್ಲ.

ಅವರು ನನ್ನ ತಲೆ ಮುಟ್ಟಿ, "ನಿನ್ನೆ ಗಾಡ್ಯಾಗ ದೀಪ ಹತ್ತಿರಲಿಲ್ಲ. ಅರ್ಥಿಂಗ್ ಬುಡಕಿನ ಬಣ್ಣ ಕೆರದಿಯೇನಪಾ?" ಎಂದರು.

"ಹೂಂರಿ."

"ಚಲೋ ಆತು. ಹೊಸಾ ಅಂಗಡಿ ನಿಂದು, ಹೆಸರು ಕೆಡಬಾರದು. ಟೈಮ್ ಎಷ್ಟಾತು ನೋಡಿ ಹೇಳು" ಎಂದು ಸೆಲ್ಲನ್ನು ಗಡಿಯಾರಕ್ಕೆ ಹಾಕತೊಡಗಿದರು. ಮುಳ್ಳು ತಿರುಗಿಸುವ ಅವರ ಬೆರಳು ಒಂದಿಷ್ಟೂ ನಡುಗಲಿಲ್ಲ. ನಾನು ಜೋಡಿಸಿಕೊಂಡು ಹೋಗಿದ್ದ ಮಾತು ಹಾಗೆಯೇ ತಿರುಗಿ ಬಸ್ಸು ಹತ್ತಿತು.

ಸಾಹುಕಾರರಿಗೆ ಖರೆ ಹೇಳಬೇಕೆಂದು ಎಷ್ಟು ಸಲ ಅಂದುಕೊಂಡೆನೋ. ಈಗ ಕಾಕಾ ಇಲ್ಲ, ಇಲ್ಲಿ ಬರೆಯುವುದು ಯಾರಿಗೆ ಬೇಕು? ಕಾಕಾರ ಕೈ ನಡುಗುತ್ತದೆಂಬ ನನ್ನ ಮಾತು ಬಾಗೇವಾಡಿಯಿಂದ ಹುಕ್ಕೇರಿಗೆ, ಅಲ್ಲಿಂದ ಎಲ್ಲ ಕಡೆಗೆ ಹಬ್ಬಿತು. ದೀಪಾವಳಿ ಮುಗಿದ ಮೇಲೆ ಮೂಡಲಗಿಯವನೇ ಒಬ್ಬ ಸುಟ್ಟ ವೂಫರ್ ಹೊತ್ತು ನನ್ನ ಅಂಗಡಿಗೆ ಬಂದ.

"ಕಾಕಾನ ಕೈ ಹೋಗೇತಂತ, ಖರೇನ್ರಿ?" ಎಂದ.

"ಒಳಗ ಇಡ್ರಿ, ಸುತ್ತಿ ಕೊಡ್ತೀನಿ" ಎಂದೆ.